ಮೊದಲು ಬಟ್ಟೆ

"ಲೇ ಇಸ್ತ್ರಿಯವಳೇ, ಬಟ್ಟೆ ಜೊತೆ ಕಿವೀನೂ ಒಗೆದು ಒಣಹಾಕಿದೀಯೇನೇ? ಎಷ್ಟು ಸಲ ಬಡ್ಕೋಬೇಕು ನಾನು? ಮೊದಲು ಬಟ್ಟೆ. ಮಿಕ್ಕಿದ್ದೆಲ್ಲ ಆಮೇಲೆ."

ಮಾತು ಮೇಲಿನಿಂದ ಬಿದ್ದಿತು. ಕೆಳಬೀದಿಗೆ ಮಾತು ಬರುತ್ತಿದ್ದುದೇ ಹಾಗೆ, ಮಳೆಯ ಹಾಗೆ, ಉಗುಳಿನ ಹಾಗೆ, ಎತ್ತರದಿಂದ. ಬೆಟ್ಟದ ಮೈಯನ್ನು ಕಡಿದು ಕಟ್ಟಿದ ಆ ಊರಿನಲ್ಲಿ ಮೇಲ್ಬೀದಿಗೂ ಕೆಳಬೀದಿಗೂ ನಡುವೆ ನೆಟ್ಟಗೆ ನಿಂತ ಕಲ್ಲಿನ ತಡೆಗೋಡೆಯೊಂದಿತ್ತು. ಗೋಡೆಯ ನೆತ್ತಿಯಿಂದ ಕಬ್ಬಿಣದ ತೋಳೊಂದು ಹೊರಚಾಚಿತ್ತು. ತೋಳಿನ ತುದಿಗೆ ರಾಟೆ, ರಾಟೆಗೆ ಹಗ್ಗ, ಹಗ್ಗಕ್ಕೆ ಬೆತ್ತದ ದೊಡ್ಡ ಬುಟ್ಟಿ. ಮೇಲ್ಬೀದಿಯ ಕೊಳೆಬಟ್ಟೆ ಆ ಬುಟ್ಟಿಯಲ್ಲಿ ಇಳಿಯುತ್ತಿತ್ತು; ಹೊಳೆಯಲ್ಲಿ ಮಿಂದು, ಭಟ್ಟಿಯಲ್ಲಿ ಬೆಂದು, ಬಿಸಿಲಿನಲ್ಲಿ ಒಣಗಿ, ಇಸ್ತ್ರಿಪೆಟ್ಟಿಗೆಯ ಕೆಂಡಕ್ಕೆ ಮೈಯೊಡ್ಡಿ, ಶುಭ್ರವಾಗಿ ಅದೇ ಬುಟ್ಟಿಯಲ್ಲಿ ಏರುತ್ತಿತ್ತು. ಒಗೆದವರು ಮಾತ್ರ ಏರುವಂತಿರಲಿಲ್ಲ. ಅದು ಯಾರೋ ಕೆತ್ತಿಸಿಟ್ಟ ಶಾಸನವಲ್ಲ. ರಾಟೆಯಿರುವಾಗ ಇವರ ಕಾಲಿಗೇನು ಕೆಲಸ ಎಂಬ ಸರಳವಾದ ಸೌಕರ್ಯ.

ಗೋಡೆಯ ಮೇಲೆ ಕೊಡೆ ಹಿಡಿದು ಬಗ್ಗಿದ್ದವನು ಮೇಲ್ಬೀದಿಯ ಮನೆಯೊಡೆಯರ ಸಂಘದ ಮ್ಯಾನೇಜರ್. ಕೆಳಗೆ ಮೊಳಕಾಲುದ್ದ ನೀರಿನಲ್ಲಿ ನಿಂತು ಕತ್ತೆತ್ತಿದವಳು, ಬೀದಿಯೆಲ್ಲ ಇಸ್ತ್ರಿಯಕ್ಕ ಎಂದು ಕರೆಯುವ ಹೆಂಗಸು. ಬೆಳಿಗ್ಗೆ ಹೊಳೆ ಒಗೆಯುವ ಕಲ್ಲುಗಳನ್ನು ನುಂಗಿತ್ತು. ಹೊತ್ತೇರುವಷ್ಟರಲ್ಲಿ ಭಟ್ಟಿಯ ಒಲೆಗಳಿಗೆ ನುಗ್ಗಿ ಬೂದಿಯನ್ನು ಕದಡಿತ್ತು. ಬೀದಿಯಿಂದ ಆಚೆ ದಡಕ್ಕೆ ಹೋಗುವ ತಗ್ಗುಸೇತುವೆಯ ಕಂಬಿಗಳೂ ಈಗ ಕಾಣುತ್ತಿರಲಿಲ್ಲ. ಉಳಿದ ದಾರಿ ಒಂದೇ: ತಡೆಗೋಡೆಯ ಪಕ್ಕದಲ್ಲಿ ಮೇಲೇರುವ ಕಲ್ಲಿನ ಮೆಟ್ಟಿಲುಸಾಲು. ಅದರ ತುದಿಯಲ್ಲಿ ಕಬ್ಬಿಣದ ಬಾಗಿಲು. ಬಾಗಿಲಿಗೆ ಬೀಗ.

"ಬಾಗಿಲು ತೆಗೆಸಿ ಸ್ವಾಮಿ," ಅವಳು ಕೂಗಿದಳು. "ಬಟ್ಟೆ ನಾವೇ ಹೊತ್ಕೊಂಡು ಬರ್ತೀವಿ. ಮಗಳು ಹಸಿ ಬಾಣಂತಿ. ಸೇತುವೆ ಮುಳುಗಿದ್ದು ನಿಮಗೇ ಕಾಣಿಸ್ತಿದೆಯಲ್ಲ."

"ಬಾಗಿಲಿನ ವಿಷ್ಯ ಅಧ್ಯಕ್ಷರು ಸಂಜೆ ಸಭೇಲಿ ತೀರ್ಮಾನ ಮಾಡ್ತಾರೆ."

"ಯಾವ ಸಭೆ?"

"ನೆರೆ ಪರಿಹಾರದ ಸಭೆ ಕಣೇ. ನಿಮಗೋಸ್ಕರಾನೇ. ಜಡ್ಜ್ ಸಾಹೇಬ್ರು, ಡಾಕ್ಟ್ರು, ಪೊಲೀಸ್ ಸಾಹೇಬ್ರು ಎಲ್ಲಾ ಬರ್ತಿದಾರೆ. ಅವರ ಕೋಟು, ಯೂನಿಫಾರ್ಮು ನಿನ್ನ ಅಟ್ಟದ ಮೇಲೆ ಕೂತಿವೆ. ಬನೀನಲ್ಲಿ ಬಂದು ವೇದಿಕೆ ಮೇಲೆ ಕೂತ್ಕೊಳ್ಳೋಕಾಗುತ್ತಾ ಅವರು?"

ಅವಳ ಮೈದುನ ಪಕ್ಕದಲ್ಲಿ ನಿಂತು ಕೇಳುತ್ತಿದ್ದ. ಒಗೆಯುವ ಕಲ್ಲಿಗಿಂತ ಗಟ್ಟಿ ಎಂದು ಬೀದಿ ಅವನಿಗಿಟ್ಟ ಹೆಸರು ಬಂಡೆ. "ಅತ್ತಿಗೆ, ನಾವು ಮುಳುಗೋದ್ರ ಬಗ್ಗೆ ಮಾತಾಡೋಕೆ ಇವರಿಗೆ ಇಸ್ತ್ರಿ ಕೋಟು ಬೇಕಂತೆ. ಬೋಳಿಮಕ್ಕಳು. ಬಾಗಿಲು ಒಡೀತೀನಿ, ಹೇಳು."

"ಹೋದ್ಸಲ ಒಡೆದ್ಯಲ್ಲ, ಏನಾಯ್ತು?"

ಹಿಂದಿನ ನೆರೆಯಲ್ಲಿ ಅಲ್ಲಿದ್ದುದು ಮರದ ಬಾಗಿಲು. ಕೆಳಬೀದಿ ಅದನ್ನು ಭುಜಕೊಟ್ಟು ಮುರಿದು ಮೇಲೆ ಹೋಗಿ ದೊಡ್ಡವರ ಜಗಲಿಗಳಲ್ಲಿ ರಾತ್ರಿ ಕಳೆದಿತ್ತು. ಮರುದಿನ ಒಂದು ಮನೆಯ ಬೆಳ್ಳಿ ಕಾಣೆಯಾಯಿತು. ಬಂಡೆ ಸೆರೆಮನೆಗೆ ಹೋದ. ಬೆಳ್ಳಿ ಆಮೇಲೆ ಆ ಮನೆಯ ಅಟ್ಟದಲ್ಲೇ ಸಿಕ್ಕಿತು, ಆದರೆ ಆ ಸುದ್ದಿ ಸೆರೆಮನೆಯವರೆಗೆ ನಡೆದುಬರಲು ಬಹಳ ದಿನ ಹಿಡಿಯಿತು. ಕಬ್ಬಿಣದ ಬಾಗಿಲು ನಿಂತದ್ದು ಅದೇ ವರ್ಷ.

ಇಸ್ತ್ರಿಯಕ್ಕ ಬುಟ್ಟಿಯನ್ನು ನೋಡಿದಳು. ನೋಡುತ್ತಲೇ ನಿಂತಳು. ಬಳಿಕ, "ಇಳಿಸಿ ಸ್ವಾಮಿ, ಕಳಿಸ್ತೀನಿ" ಎಂದು ಹೇಳಿ ಇಸ್ತ್ರಿಮನೆಯೊಳಗೆ ಹೋದಳು.

ಒಳಗೆ ಇಸ್ತ್ರಿಯ ಉದ್ದನೆಯ ಮೇಜಿನ ಮೇಲೆ ಮಗಳು ಕಾಲು ಮಡಿಸಿ ಕುಳಿತಿದ್ದಳು. ಅವಳ ಮಡಿಲಲ್ಲಿ ಇನ್ನೂ ಹೆಸರಿಡದ ಹೆಣ್ಣುಕೂಸು. ಪಕ್ಕದಲ್ಲಿ, ಹುಟ್ಟಿದಾಗಿನಿಂದ ಇದ್ದಲು ಊದಿ ಊದಿ ಕಣ್ಣು ಕೆಂಪಾದ ಮುದುಕ ಕೆಂಡದಜ್ಜ, ಆರಿದ ಪೆಟ್ಟಿಗೆಯೊಂದನ್ನು ಎದೆಗವಚಿಕೊಂಡು ಕುಳಿತಿದ್ದ, ಅದೂ ಒಂದು ಕೂಸೆಂಬಂತೆ.

"ಕೊಡು ಇಲ್ಲಿ."

"ಅಮ್ಮಾ, ಬೇಡಮ್ಮ."

"ಮೇಲೆ ಹೋದ್ರೆ ಉಳಿಯುತ್ತೆ ಕಣೇ. ಹಸುಗೂಸಿನ ಮುಖ ನೋಡಿದ ಮೇಲೆ ಯಾವನಾದ್ರೂ ವಾಪಸ್ಸು ತಳ್ತಾನಾ? ಆ ಮ್ಯಾನೇಜರ್‌ಗೂ ಮಕ್ಕಳಿವೆ. ಅವುಗಳ ಚಡ್ಡಿ ಒಗೆಯೋಳು ನಾನೇ ಅಲ್ವಾ?"

ಕೂಸನ್ನು ಹೊರಗೆ ತಂದು, ಇಳಿದುಬಂದ ಬುಟ್ಟಿಯ ತಳದಲ್ಲಿ ಮಲಗಿಸಿದಳು. ಉಸಿರಿಗೆ ಎಡೆ ಬಿಟ್ಟು, ಮೇಲೆ ಹಾಸಿಗೆಬಟ್ಟೆಯ ಸಡಿಲವಾದ ಗಂಟೊಂದನ್ನು ಅಡ್ಡಲಾಗಿ ಇಟ್ಟಳು. ಮೇಲಿನವನು ಎಳೆಯಲೆಂದು ಹಗ್ಗ ಜಗ್ಗಿದಳು. ರಾಟೆ ಕಿರುಗುಟ್ಟಿತು. ಬುಟ್ಟಿ ಗೋಡೆಗೆ ಉಜ್ಜಿಕೊಳ್ಳುತ್ತ, ತಿರುಗುತ್ತ, ಏರಿತು. ಮಳೆಯಲ್ಲಿ ಕತ್ತೆತ್ತಿ ನಿಂತ ಆ ಹೆಂಗಸಿನ ತುಟಿಗಳು ಅಲುಗುತ್ತಿದ್ದವು. ಯಾವ ದೇವರನ್ನು ಕರೆದಳೋ, ಕರೆದವನ ಕಿವಿ ಯಾವ ಬೀದಿಯಲ್ಲಿತ್ತೋ.

ಮ್ಯಾನೇಜರ್ ಗಂಟನ್ನೆತ್ತಿದ. ಕೂಸು ಅತ್ತಿತು.

ಅವನು ಬೈಯಲಿಲ್ಲ. ಬುಟ್ಟಿಯೊಳಗೆ ಕೊಂಚ ಹೊತ್ತು ಇಣುಕಿದ. ಮುಖವನ್ನು ಚೆನ್ನಾಗಿಯೇ ನೋಡಿದ. "ಇದು ಬಟ್ಟೆ ಬುಟ್ಟಿ ಕಣೇ," ಎಂದ, ತಿಳಿಯದವಳಿಗೆ ತಿಳಿಸುವ ದನಿಯಲ್ಲಿ. "ಇದರೊಳಗೆ ಉಚ್ಚೆ ಹೊಯ್ಸಿದ್ರೆ ನಾಳೆ ದೊಡ್ಡವರ ಬಟ್ಟೆ ಎಲ್ಲಿ ಹಾಕಲಿ? ಬುದ್ಧಿ ಬೇಡ್ವಾ ನಿಂಗೆ?"

ಗಂಟು ಮೇಲುಳಿಯಿತು. ಕೂಸು ಕೆಳಗಿಳಿಯಿತು. ಕೊನೆಯ ಆಳುದ್ದದಲ್ಲಿ ಅವನ ಕೈ ಜಾರಿತೋ, ಬಿಟ್ಟಿತೋ, ಬುಟ್ಟಿ ದಬಕ್ಕನೆ ನೀರಿಗೆ ಬಿದ್ದು ಅರ್ಧ ಮುಳುಗಿತು. ಅವಳು ನುಗ್ಗಿ ಕೂಸನ್ನು ಎತ್ತಿಕೊಂಡಳು. ಒಂದು ಕ್ಷಣ ಅದರಿಂದ ಸದ್ದೇ ಇಲ್ಲ. ಆಮೇಲೆ ಕೆಮ್ಮಿ, ನೀರು ಕಕ್ಕಿ, ಕಿರುಚಿತು.

"ನಿನ್ನ ಕೈ ಸೇದಿಹೋಗಲೋ, ಸೂಳೆಮಗನೇ," ಬಂಡೆ ಗೋಡೆಗೆ ಗುದ್ದಿದ. ಗೋಡೆ ಅಲುಗಲಿಲ್ಲ. ಇಸ್ತ್ರಿಯಕ್ಕ ಕೂಸನ್ನು ತಾಯಿಯ ಎದೆಗೆ ಒಪ್ಪಿಸಿ ಮೆಟ್ಟಿಲು ಹತ್ತಿದಳು.

ಕಬ್ಬಿಣದ ಬಾಗಿಲಿನ ಆಚೆ ನಿಂತಿದ್ದ ಕಾವಲುಗಾರ ಅವಳಿಗೆ ಹೊರಗಿನವನಲ್ಲ. ತೀರಿಹೋದ ಅಕ್ಕನ ಗಂಡ, ಭಾವ. ಒಂದು ಕಾಲಕ್ಕೆ ಇದೇ ಬೀದಿಯ ಒಗೆತದವನು. ಕಾವಲಿನ ಕೋಟು ತೊಟ್ಟಂದಿನಿಂದ ಬಾಗಿಲ ಪಕ್ಕದ ಗೂಡೇ ಅವನ ಮನೆ. ಹೋಗುವವರಿಗೂ ಬರುವವರಿಗೂ ಹಣೆಗೆ ಕೈಯೇರಿಸುವ ಅವನನ್ನು ಕೆಳಬೀದಿ ಸಲಾಮು ಎಂದೇ ಕರೆಯುತ್ತಿತ್ತು.

"ಭಾವ, ತೆಗೀರಿ."

"ಆಗಲ್ಲ ಕಣಮ್ಮ."

"ನನ್ನ ಮಗಳು ಅಕ್ಕ ಎತ್ತಿ ಆಡಿಸಿದ ಹುಡುಗಿ. ಈಗ ಅವಳ ಕೂಸು ನೀರು ಕುಡಿದು ಬಂತು. ನೀವು ಇಲ್ಲಿಂದ ನೋಡ್ತಾನೇ ಇದ್ರಿ."

ಸಲಾಮು ಕಣ್ಣು ತಗ್ಗಿಸಿದ. "ಬೀಗದ ಕೈ ಮಾತ್ರ ನನ್ನ ಹತ್ರ ಇರೋದು. ಬಾಗಿಲು ನಂದಲ್ಲ. ಸಾಯಂಕಾಲ ಹೊಳೆ ದಂಡೇಲಿ ತಿರುಗಾಡಿ ಬರೋ ದೊಡ್ಡವರಿಗೆ ತೆಗೀಬೇಕು, ಅಷ್ಟೇ. ಕರಿ ಕೋಟು ಬಂದ್ರೆ ತೆಗಿ, ಬಿಳಿ ಕೋಟು ಬಂದ್ರೆ ತೆಗಿ, ಶಾಲು ಬಂದ್ರೆ ತೆಗಿ. ನಿಮ್ಮಂಥ ಬಟ್ಟೆ ಬಂದ್ರೆ ತೆಗೀಬೇಡ."

"ನಮ್ಮಂಥ ಬಟ್ಟೆ ಒಳಗೆ ನಮ್ಮ ಮುಖ ಕಾಣಲ್ವಾ ನಿಮಗೆ?"

"ಮುಖ ನೋಡೋ ಹಾಗಿಲ್ಲ."

ಹೀಗೆಂದವನ ಕೈ ತಾನಾಗಿಯೇ ಕೆನ್ನೆಗೆ ಹೋಯಿತು. ಕಾವಲಿಗೆ ಸೇರಿದ ಹೊಸದರಲ್ಲಿ, ಮಬ್ಬಿನಲ್ಲಿ ಮೆಟ್ಟಿಲೇರಿ ಬಂದ ಜಡ್ಜ್ ಸಾಹೇಬರ ಮುಖವನ್ನು ದಿಟ್ಟಿಸಿ, "ತಾವು ಯಾರು ಸ್ವಾಮಿ?" ಎಂದು ಕೇಳಿದ್ದ. ಅದಕ್ಕೆ ಬಿದ್ದ ಏಟಿನಿಂದ ಒಂದು ಹಲ್ಲು ಇಂದಿಗೂ ಅಲುಗುತ್ತಿತ್ತು. ಮರುದಿನ ಮ್ಯಾನೇಜರ್ ಪಾಠ ಹೇಳಿದ್ದ: ದೊಡ್ಡವರ ಮುಖ ನೋಡಬೇಡ, ಬಟ್ಟೆ ನೋಡು, ಎರಡನೇ ಗುಂಡಿಗಿಂತ ಮೇಲಕ್ಕೆ ಕಣ್ಣು ಹೋಗಕೂಡದು.

ಅಷ್ಟರಲ್ಲಿ ಬಿಳಿಯ ಕೊಡೆಯೊಂದು ಬಾಗಿಲ ಬಳಿ ಬಂತು. ಅದರಡಿಯಲ್ಲಿ ಪ್ರವಚನದ ಗುರುಗಳು. ಹೊಳೆ ನೋಡಲು ಬಂದವರು ಹೊಳೆಗಿಂತ ಮೊದಲು ಅವಳನ್ನು ಕಂಡರು.

"ಯಾರು, ನಮ್ಮ ಇಸ್ತ್ರಿಯವಳಾ? ಹೆದರಬೇಡ ತಾಯಿ. ಜಲ ಅನ್ನೋದು ಭಗವಂತನ ಸ್ವರೂಪ. ಬಂದ ಹಾಗೇ ಇಳಿದುಹೋಗುತ್ತೆ. ತಾಳ್ಮೆ ಮುಖ್ಯ."

"ಬಾಗಿಲು ತೆಗೀರಿ ಅಂತ ಒಂದು ಮಾತು ಹೇಳಿ ಸ್ವಾಮಿ. ನಿಮ್ಮ ಮಾತು ನಡೆಯುತ್ತೆ."

"ಲೌಕಿಕದಲ್ಲಿ ನಾನು ಕೈ ಹಾಕೋದಿಲ್ಲಮ್ಮ." ಗುರುಗಳು ಹೊರಟವರು ಏನೋ ನೆನಪಾಗಿ ತಿರುಗಿದರು. "ನನ್ನ ರೇಷ್ಮೆ ಶಾಲು ಒದ್ದೆ ಆಗಿಲ್ಲ ತಾನೇ?"

"ಇಲ್ಲ ಸ್ವಾಮಿ. ಅಟ್ಟದ ಮೇಲಿದೆ. ಬೆಚ್ಚಗಿದೆ."

"ಅದನ್ನ ಮೊದಲು ಕಳಿಸಿಬಿಡು. ಇವತ್ತು ಸಭೇಲಿ ಕರುಣೆ ಬಗ್ಗೆ ಮಾತಾಡ್ಬೇಕು."

ಅವಳು ಇಳಿದು ಬರುವಷ್ಟರಲ್ಲಿ ನೀರು ಇಸ್ತ್ರಿಯ ಮೇಜಿನ ಅಂಚನ್ನು ನೆಕ್ಕುತ್ತಿತ್ತು. ಮಗಳೂ ಕೆಂಡದಜ್ಜನೂ ಮೇಜಿನ ಮೇಲೆ ಎದ್ದು ನಿಂತಿದ್ದರು. ಅಕ್ಕಪಕ್ಕದವರು ಹಂಚಿನ ಮೇಲೆ ಹತ್ತಿ ಕುಳಿತು ಒಬ್ಬರನ್ನೊಬ್ಬರು ಕೂಗಿ ಮಾತಾಡಿಸುತ್ತಿದ್ದರು. ಕೂಸು ಅಳು ನಿಲ್ಲಿಸಿತ್ತು. ಅದರ ತುಟಿ ನೀಲಿಯಲ್ಲಿ ಅದ್ದಿದ ಬಟ್ಟೆಯ ಬಣ್ಣಕ್ಕೆ ತಿರುಗಿತ್ತು.

"ಒಣಗಿರೋದು ಏನಾದ್ರೂ ಕೊಡಮ್ಮ," ಮಗಳು ಅಂದಳು. "ಒಂದು ಚಿಂದಿಯಾದ್ರೂ ಕೊಡು. ಮೈಯೆಲ್ಲಾ ಮಂಜುಗಡ್ಡೆ ಆಗ್ತಿದೆ ಇದಕ್ಕೆ."

ಮನೆಯಲ್ಲಿ ಒಣಗಿದ ಚಿಂದಿ ಇರಲಿಲ್ಲ. ಹೊದಿಕೆ ನೆನೆದಿತ್ತು, ಸೀರೆ ನೆನೆದಿತ್ತು, ತಲೆಗೂದಲು ನೆನೆದಿತ್ತು. ಇಸ್ತ್ರಿಯಕ್ಕ ತಲೆಯೆತ್ತಿದಳು. ಅಟ್ಟದ ಮೇಲೆ, ಮಡಿಕೆಯ ಮೇಲೆ ಮಡಿಕೆಯಾಗಿ, ಕೆಂಡದ ಬಿಸುಪನ್ನು ಇನ್ನೂ ಒಳಗಿಟ್ಟುಕೊಂಡು, ಮೇಲ್ಬೀದಿ ಒಣಗಿ ಕುಳಿತಿತ್ತು.

ಒಗೆತದವರಿಗೊಂದು ವ್ರತವಿತ್ತು. ಊರವರ ಬಟ್ಟೆಯನ್ನು ತೋಳಿನ ಮೇಲೆ ಹೊರಬಹುದು, ತಲೆಯ ಮೇಲೆ ಹೊರಬಹುದು, ಮೈಗೆ ತಾಗಿಸಕೂಡದು. ಆಟಕ್ಕೆಂದು ಯಾರದೋ ಟೋಪಿ ಇಟ್ಟುಕೊಂಡ ಮಗುವಿಗೂ ಬರೆ ಬೀಳುತ್ತಿತ್ತು. ಕದಿಯುವುದಕ್ಕಿಂತ ಅದು ಹೇಯ. ತಲೆತಲಾಂತರದಿಂದ ಆ ಬೀದಿ ಬೆತ್ತಲೆಗೆ ಹತ್ತಿರವಾಗಿ ಬಾಳಿತ್ತು, ಬಟ್ಟೆಯ ಗುಡ್ಡಗಳ ನಡುವೆ.

ಅವಳು ಕೈ ಚಾಚಿ ಗುರುಗಳ ರೇಷ್ಮೆ ಶಾಲನ್ನು ಎಳೆದಳು. ಒಮ್ಮೆ ಕೊಡವಿ, ಕೂಸನ್ನು ಅದರಲ್ಲಿ ಸುತ್ತಿದಳು.

"ಏ, ಬೇಡ ಕಣವ್ವಾ," ಕೆಂಡದಜ್ಜನ ಹಲ್ಲು ಕಟಕಟಿಸಿತು. "ನಮ್ಮಪ್ಪ, ನಮ್ಮ ತಾತ, ಯಾರೂ ಇಂಥ ಕೆಲಸ ಮಾಡ್ಲಿಲ್ಲ."

"ನಿಮ್ಮಪ್ಪ, ನಿಮ್ಮ ತಾತ, ಯಾರೂ ಆ ಮೆಟ್ಟಿಲೂ ಹತ್ಲಿಲ್ಲ ಅಜ್ಜ. ನೀನು ನಡುಗ್ತಿದೀಯ. ತಗೋ, ಹಾಕ್ಕೋ."

ಅವಳು ಕೊಟ್ಟದ್ದು ಪೊಲೀಸ್ ಸಾಹೇಬರ ಯೂನಿಫಾರ್ಮ್. ಹಿತ್ತಾಳೆಯ ಗುಂಡಿಗಳನ್ನು ಅಜ್ಜನೇ ಆ ಬೆಳಿಗ್ಗೆ ಬೂದಿ ಹಾಕಿ ತಿಕ್ಕಿದ್ದ. ಮುದುಕ ಬೆಂಕಿಗೆ ಕೈಯಿಡುವವನಂತೆ ತೋಳು ತೂರಿಸಿದ. ತೂರಿಸಿದ ಮೇಲೆ ಉಸಿರು ಬಿಟ್ಟು, "ಬೆಚ್ಚಗಿದೆ ಕಣವ್ವಾ," ಎಂದ, ನಾಚಿಕೆಯಿಂದ.

"ನಮ್ಮ ಕೆಂಡಾನೇ ಅಜ್ಜ. ಇನ್ಯಾರ ಬಿಸಿ ಅದು?"

ಮಗಳಿಗೆ ಡಾಕ್ಟರ ಬಿಳಿ ಕೋಟು ಸಿಕ್ಕಿತು. ಬಂಡೆ ಜಡ್ಜ್ ಸಾಹೇಬರ ಕರಿಕೋಟನ್ನು ಹಾಕಿಕೊಂಡು ಮೇಜಿನ ಮೇಲೆ ನಿಂತ. "ಯಾರಲ್ಲಿ? ಹೊಳೆಯನ್ನ ಕರೀರಿ. ಏನೇ ಹೊಳೆ, ನಿನ್ನ ಮೇಲೆ ಮನೆಗೆ ನುಗ್ಗಿದ ಆಪಾದನೆ ಇದೆ. ಮೇಲ್ಬೀದಿಗೆ ನುಗ್ಗಿದ್ದೀಯಾ? ಇಲ್ವಾ? ಹಾಗಾದ್ರೆ ಬಿಡುಗಡೆ."

ನಡುಗುತ್ತಿದ್ದ ಮಗಳು ನಕ್ಕುಬಿಟ್ಟಳು. ಇಸ್ತ್ರಿಯಕ್ಕ ನಗಲಿಲ್ಲ. ಕಿಟಕಿಯ ಮಂಕುಬೆಳಕಿಗೆ ಬೆನ್ನು ಕೊಟ್ಟು ನಿಂತ ಮೈದುನನನ್ನೇ ನೋಡುತ್ತಿದ್ದಳು. ಮುಖ ಕಾಣುತ್ತಿರಲಿಲ್ಲ, ಕೋಟು ಮಾತ್ರ ಕಾಣುತ್ತಿತ್ತು. ಕೆನ್ನೆ ಮುಟ್ಟಿಕೊಂಡ ಭಾವನ ಕೈ ಅವಳ ಕಣ್ಣ ಮುಂದೆ ಬಂತು.

"ಬಂಡೆ, ಅಟ್ಟಾನೆಲ್ಲ ಇಳಿಸು. ಹಂಚು ಸರಿಸಿ ಪಕ್ಕದವರಿಗೂ ಕೊಡು. ಒಂದೂ ಬಿಡಬೇಡ."

"ಯಾಕೆ ಅತ್ತಿಗೆ?"

"ಮೊದಲು ಬಟ್ಟೆ ಅಂದ್ರಲ್ಲ. ತಗೊಂಡು ಹೋಗೋಣ."

ಹೊತ್ತು ಇಳಿಯುತ್ತಿದ್ದಾಗ, ಸುರಿವ ಮಳೆಯಲ್ಲಿ, ಮೇಲ್ಬೀದಿಯೆಲ್ಲವೂ ಹೊಳೆಯಿಂದ ಎದ್ದು ಮೆಟ್ಟಿಲೇರಿತು. ಮುಂದೆ ನ್ಯಾಯ, ಅದರ ಹಿಂದೆ ರಕ್ಷಣೆ, ಆಮೇಲೆ ವೈದ್ಯ. ವೈದ್ಯದ ತೋಳಿನಲ್ಲಿ ಧರ್ಮ ರೇಷ್ಮೆಯಲ್ಲಿ ಸುತ್ತಿಕೊಂಡು ನಿದ್ರಿಸುತ್ತಿತ್ತು. ಬಳಿಕ ಅಧಿಕಾರಿಗಳು, ವರ್ತಕರು, ಅವರ ಮಡದಿಯರ ಮೇಲಂಗಿಗಳು, ತೋಳು ಉದ್ದವಾಗಿ ಕಾಲಿಗೆ ತೊಡರುವ ಉಣ್ಣೆಯ ಗೌರವಗಳು. ಅಧ್ಯಕ್ಷರ ನೀಳವಾದ ಬೂದುಕೋಟು ತೊಟ್ಟ ಇಸ್ತ್ರಿಯಕ್ಕ ಎಲ್ಲರನ್ನೂ ಮುಂದೆ ಬಿಟ್ಟು ಕೊನೆಯಲ್ಲಿ ಬಂದಳು. ಅವಳ ಹಿಂದೆಯೇ ನೀರೂ ಒಂದೊಂದು ಮೆಟ್ಟಿಲು ಹತ್ತುತ್ತಿತ್ತು.

ಸಲಾಮು ಕರಿಕೋಟನ್ನು ಕಂಡ. ಹಿಮ್ಮಡಿಗಳು ಕೂಡಿಕೊಂಡವು. ಬಲಗೈ ಹಣೆಗೇರಿತು, ಎಡಗೈ ಬೀಗದ ಕೈಯನ್ನು ತಡಕಿತು. ಎರಡನೇ ಗುಂಡಿಗಿಂತ ಮೇಲಕ್ಕೆ ಹೋಗಬಾರದ ಕಣ್ಣು ಕೆಳಕ್ಕೆ ಇಳಿಯಿತು. ಕೋಟಿನ ಅಂಚಿನ ಕೆಳಗೆ ಬರಿಗಾಲುಗಳಿದ್ದವು. ಬೆರಳ ಸಂದಿಯಲ್ಲಿ ಸೋಡಾಖಾರಕ್ಕೆ ಬೆಂದು ಬಿಳಿಚಿದ ಗಾಯ, ಒಡೆದ ಹಿಮ್ಮಡಿ. ಅವನ ಬೂಟಿನೊಳಗೂ ಅಂಥವೇ ಎರಡು ಕಾಲುಗಳಿದ್ದವು.

ಕೈ ನಿಲ್ಲಲಿಲ್ಲ. ಬೀಗ ಕಳಚಿತು. ಕಬ್ಬಿಣದ ಬಾಗಿಲು ಗೋಡೆಗೆ ಬಡಿಯುವಷ್ಟು ಅಗಲಕ್ಕೆ ತೆರೆಯಿತು.

"ನಡೀರಿ ಸಾಹೇಬ್ರೇ," ಎಂದ ಸಲಾಮು, ತಲೆ ಬಗ್ಗಿಸಿಕೊಂಡೇ. "ನಿಧಾನ. ಡಾಕ್ಟ್ರಮ್ಮ, ಕೂಸು ಜೋಪಾನ, ಮೆಟ್ಟಿಲು ಜಾರುತ್ತೆ."

ಕೊನೆಯ ಕೋಟು ಒಳಗೆ ಬರುವ ಹೊತ್ತಿಗೆ ಮ್ಯಾನೇಜರ್ ಓಡಿ ಬಂದ. ಬಂದ ರಭಸಕ್ಕೆ ಅವನೂ ಒಮ್ಮೆ ಕರಿಕೋಟಿಗೆ ಕೈಮುಗಿದ. ಮುಗಿದ ಕೈಯನ್ನು ಬಿಡಿಸಿಕೊಳ್ಳುವಾಗ ಬಂಡೆಯ ಮುಖ ಕಂಡಿತು.

"ಯಾರನ್ನ ಬಿಟ್ಯೋ, ಕುನ್ನಿ?"

"ಬಟ್ಟೆ ನೋಡಿದೆ ಸ್ವಾಮಿ," ಸಲಾಮು ಎಂದ. "ಮುಖ ನೋಡಬಾರದು ಅಂತ ನೀವೇ ಹೇಳ್ಕೊಟ್ರಿ."

"ಬಿಚ್ರೋ. ಹಲ್ಕಾ ನನ್ಮಕ್ಕಳಾ, ದೊಡ್ಡವರ ಬಟ್ಟೆ ಮೈಮೇಲೆ ಹಾಕ್ಕೊಂಡಿದೀರಾ? ಬಿಚ್ಚಿ ಇಲ್ಲೇ."

ಇಸ್ತ್ರಿಯಕ್ಕ ಮುಂದೆ ಬಂದಳು. ಅಧ್ಯಕ್ಷರ ಕೋಟಿನ ತುದಿಯಿಂದ ಹೊಳೆಯ ನೀರು ಅವನ ಚಪ್ಪಲಿಯ ಮೇಲೆ ತೊಟ್ಟಿಕ್ಕಿತು.

"ಮೊದಲು ಬಟ್ಟೆ ಅಂದೆ. ಬಟ್ಟೆ ಬಂದಿದೆ. ಒಂದೂ ಬಿಡದೆ ತಂದಿದೀವಿ. ಒಳಗೆ ನಾವೂ ಇದೀವಿ, ಏನು ಮಾಡೋದು? ಬಿಚ್ಚಿಸ್ಕೋಬೇಕು ಅಂದ್ರೆ ಬಾ, ನಿನ್ನ ಕೈಯಾರೆ ಬಿಚ್ಚು. ಬಾಣಂತಿಯಿಂದಲೇ ಶುರು ಮಾಡ್ತೀಯಾ? ಅಥವಾ ಕೂಸಿಂದಾನಾ? ಅದರ ಮುಖ ಆಗಲೇ ನೋಡಿದೀಯಲ್ಲ ನೀನು."

ಮ್ಯಾನೇಜರ್ ಒಂದು ಹೆಜ್ಜೆ ಹಿಂದಿಟ್ಟ.

"ನನ್ನ ಕೋಟು ಮುಟ್ಟಿದ್ರೆ ನ್ಯಾಯಾಲಯದ ನಿಂದನೆ ಕಣೋ," ಎಂದ ಬಂಡೆ, ಅವನನ್ನು ದಾಟುತ್ತ.

ಬೀದಿಯ ತಲೆಯಲ್ಲಿದ್ದ ಪ್ರಾರ್ಥನಾಭವನದಲ್ಲಿ ದೀಪಗಳು ಉರಿಯುತ್ತಿದ್ದವು. ಸಭೆ ಶುರುವಾಗಿತ್ತು. ತೊಡಲು ಬಟ್ಟೆ ಬಾರದೆ ದೊಡ್ಡವರು ಮನೆಯುಡುಗೆಯಲ್ಲೇ ಬಂದು ವೇದಿಕೆಯ ಮೇಲೆ ಕುಗ್ಗಿ ಕುಳಿತಿದ್ದರು. ಜಡ್ಜ್ ಸಾಹೇಬರು ಮೊಣಕೈ ಸವೆದ ಸ್ವೆಟರಿನಲ್ಲಿ, ಪೊಲೀಸ್ ಸಾಹೇಬರು ಮಾಸಿದ ಪೈಜಾಮದಲ್ಲಿ ಹೊಟ್ಟೆಯ ಮೇಲೊಂದು ಟವೆಲ್ ಹರಡಿಕೊಂಡು, ಶಾಲಿಲ್ಲದ ಗುರುಗಳು ತೋಳುಗಳನ್ನು ತಾವೇ ತಬ್ಬಿಕೊಂಡು. ಅಧ್ಯಕ್ಷರು ಮೈಕಿನ ಮುಂದೆ ನಿಂತಿದ್ದರು. "ಕೆಳಬೀದಿಯ ನಮ್ಮ ಬಡ ಬಂಧುಗಳ ಕಷ್ಟವನ್ನು ನೆನೆದು, ಸಮಸ್ತ ಮೇಲ್ಬೀದಿಯ ಹೃದಯ..."

ಬಾಗಿಲಲ್ಲಿ ತಮ್ಮದೇ ಕೋಟನ್ನು ಕಂಡು ಹೃದಯ ಅಲ್ಲಿಗೇ ನಿಂತಿತು.

ಕೋಟುಗಳು ಸಾಲಾಗಿ ಒಳಬಂದವು. ಹೊಳಪಿನ ನೆಲದ ಮೇಲೆ ಕೆಸರಿನ ಕಾಲುಗಳು ಮೂಡಿದವು. ಮುಂದಿನ ಸಾಲಿನ ಮೆತ್ತನೆಯ ಕುರ್ಚಿಗಳಲ್ಲಿ ಒಬ್ಬೊಬ್ಬರಾಗಿ ಕುಳಿತರು. ಕೂಸು ಎಚ್ಚೆತ್ತು ಅತ್ತಿತು. ಮಗಳು ಬಿಳಿ ಕೋಟನ್ನು ಸರಿಸಿ ಅದಕ್ಕೆ ಮೊಲೆಯೂಡಿದಳು. ಭವನದಲ್ಲೆಲ್ಲ ಅದು ಚೀಪುವ ಸದ್ದಷ್ಟೇ ಕೇಳಿಸಿತು.

"ಓದಿ ಸ್ವಾಮಿ," ಇಸ್ತ್ರಿಯಕ್ಕ ಹೇಳಿದಳು. "ನಮ್ಮ ವಿಷ್ಯ ತಾನೇ? ಕೇಳೋಣ ಅಂತಲೇ ಬಂದ್ವಿ. ನಿಲ್ಲಿಸ್ಬೇಡಿ."

ಟವೆಲ್ ಜಾರಿಸುತ್ತ ಪೊಲೀಸ್ ಸಾಹೇಬರು ಎದ್ದರು. "ಏನು ನೋಡ್ತಾ ನಿಂತಿದೀರೋ? ಎಳೆದು ಆಚೆ ಹಾಕ್ರೋ ಇವರನ್ನ."

ಬಾಗಿಲ ಬಳಿಯಿದ್ದ ಪೇದೆಗಳು ಲಾಠಿ ಹಿಡಿದು ಮುಂದೆ ಬಂದರು. ಮೊದಲ ಕುರ್ಚಿಯಲ್ಲಿದ್ದ ಕೆಂಡದಜ್ಜ ಮೇಲಕ್ಕೆದ್ದ. ಅವನ ನಡುಕ ಎಲ್ಲಿ ಹೋಗಿತ್ತೋ. ಬೂದಿಯಲ್ಲಿ ತಾನೇ ಬೆಳಗಿದ ಗುಂಡಿಗಳನ್ನು ಕತ್ತಿನವರೆಗೆ ಹಾಕಿಕೊಂಡು, ಕೆಂಡದಂಥ ಕಣ್ಣುಗಳನ್ನು ಮುಂದಿನ ಪೇದೆಯ ಮುಖದ ಮೇಲೆ ನೆಟ್ಟು, ನೆಟ್ಟಗೆ ನಿಂತ.

ಹೊರಗೆ, ಬೀಗವಿಲ್ಲದ ಕಬ್ಬಿಣದ ಬಾಗಿಲು ಗಾಳಿಗೆ ಗೋಡೆಯನ್ನು ಬಡಿಯುತ್ತಿತ್ತು. ಹೊಳೆಯ ಸದ್ದು ಭವನದ ಕಿಟಕಿಗಳವರೆಗೂ ಏರಿ ಬಂದಿತ್ತು. ಪೇದೆ ಪೈಜಾಮವನ್ನು ನೋಡಿದ, ಗುಂಡಿಗಳನ್ನು ನೋಡಿದ. ಅವನ ಬಲಗೈ ಲಾಠಿಯನ್ನು ಬಿಟ್ಟು ಮೇಲೆದ್ದಿತು. ಎದೆಯ ಮಟ್ಟಕ್ಕೆ ಬಂದು, ಹಣೆಗೂ ಏರದೆ, ಕೆಳಗೂ ಇಳಿಯದೆ, ಅಲ್ಲಿಯೇ ನಿಂತಿತು.